ಬೆಳಿಗ್ಗೆ ಬೆಟ್ಟ, ಸಂಜೆ ಸಂಗೀತ: ಚಿತ್ರದುರ್ಗ ಜಿಲ್ಲೆಯಲ್ಲಿ ದಂಪತಿಗಳ ವಾರಾಂತ್ಯ ವಿಹಾರ – ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಉದ್ಯೋಗದಲ್ಲಿರುವ ಪತಿ-ಪತ್ನಿಯರಿಗೆ ಒಟ್ಟಾಗಿ ದೊರೆಯುವ ಬಿಡುವು ಬಹುಮಟ್ಟಿಗೆ ವಾರಾಂತ್ಯದ ಒಂದೆರಡು ದಿನಗಳು ಮಾತ್ರ. ಆ ಅಲ್ಪಾವಧಿಯನ್ನು ಹೆಚ್ಚಿನ ವೆಚ್ಚವಿಲ್ಲದೆ, ಆರೋಗ್ಯಕರವಾಗಿ ಕಳೆಯಲು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಅನುಕೂಲಗಳಿವೆ. ಬಿಸಿಲ ನಾಡೆಂದು ಹೆಸರಾದ ಈ ಸೀಮೆಯಲ್ಲಿ ನವೆಂಬರ್‌ನಿಂದ ಫೆಬ್ರವರಿಯವರೆಗಿನ ಚಳಿಗಾಲವು ಬೆಟ್ಟದ ನಡಿಗೆಗೆ ತಕ್ಕ ಕಾಲ. ನಾಟಕೋತ್ಸವ, ವಚನ ಗಾಯನ ಮತ್ತು ಜಾತ್ರೆಗಳ ವಾದ್ಯಮೇಳಗಳೂ ಈ ತಿಂಗಳುಗಳಲ್ಲಿಯೇ ನಡೆಯುತ್ತವೆ.

ಆದರೆ ಈ ಸ್ಥಳಗಳೆಲ್ಲವೂ ಒಂದೇ ಇಲಾಖೆಯ ಸುಪರ್ದಿನಲ್ಲಿಲ್ಲ. ಕೋಟೆಯು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ, ಕಾಡು ಅರಣ್ಯ ಇಲಾಖೆಗೆ, ಜಲಾಶಯವು ಜಲಸಂಪನ್ಮೂಲ ಇಲಾಖೆಗೆ ಸೇರಿದ್ದು, ದೇವಾಲಯಗಳಿಗೆ ಅವುಗಳದೇ ಆಡಳಿತವಿದೆ. ಯಾವ ಸ್ಥಳಕ್ಕೆ ಯಾರ ಅನುಮತಿ ಬೇಕೆಂಬುದನ್ನು ಅರಿಯದೆ ಹೊರಟರೆ ಗೇಟಿನಿಂದಲೇ ಹಿಂದಿರುಗಬೇಕಾದೀತು. ಅನುಮತಿಯಿಲ್ಲದೆ ಕಾಡು ಹೊಕ್ಕು, ಕತ್ತಲಾದ ಮೇಲೆ ದಾರಿ ತಪ್ಪುವುದು ಅದಕ್ಕಿಂತಲೂ ಗಂಭೀರವಾದ ವಿಷಯ. ಇವೆರಡನ್ನೂ ತಪ್ಪಿಸಲು ನೆರವಾಗಲೆಂದು ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ದಿನದ ಯೋಜನೆ: ಸೂರ್ಯನೇ ಗಡಿಯಾರ

ಡಿಸೆಂಬರ್ ಅಂತ್ಯದಲ್ಲಿ ಈ ಭಾಗದಲ್ಲಿ ಬೆಳಿಗ್ಗೆ ಸುಮಾರು ಮುಕ್ಕಾಲು ಗಂಟೆ ಕಡಿಮೆ ಏಳಕ್ಕೆ ಅಲ್ಲ, ಆರೂ ಮುಕ್ಕಾಲಿಗೆ ಸೂರ್ಯೋದಯವಾಗುತ್ತದೆ. ಸಂಜೆ ಸುಮಾರು 6 ಗಂಟೆಗೆ ಸೂರ್ಯಾಸ್ತವಾಗುತ್ತದೆ. ಬಂಡೆಗಳ ನಡುವೆ ಕತ್ತಲು ಬೇಗನೆ ಕವಿಯುತ್ತದೆ. ಆದುದರಿಂದ ಬೆಟ್ಟ ಹತ್ತುವುದನ್ನು ಬೆಳಗಿನ ವೇಳೆಗೂ, ಸಂಗೀತ ಅಥವಾ ನಾಟಕವನ್ನು ಸಂಜೆಗೂ ಇಟ್ಟುಕೊಳ್ಳುವುದು ಸೂಕ್ತ. ಸೂರ್ಯಾಸ್ತವನ್ನು ಬೆಟ್ಟದ ಮೇಲಿನಿಂದಲೇ ನೋಡಬೇಕೆಂಬ ಆಸೆಯಿಂದ ತಡವಾಗಿ ಇಳಿಯುವವರು ಇಳಿಜಾರಿನ ಬಂಡೆಗಳ ಮೇಲೆ ಕಾಲು ಜಾರಿ ಬೀಳುವ ಸಂಭವ ಹೆಚ್ಚು. ಇಬ್ಬರಲ್ಲಿ ಯಾರ ನಡಿಗೆ ನಿಧಾನವೋ ಅವರ ವೇಗಕ್ಕೆ ತಕ್ಕಂತೆ ಸಮಯವನ್ನು ಲೆಕ್ಕ ಹಾಕತಕ್ಕದ್ದು.

1. ಚಿತ್ರದುರ್ಗ: ಕಲ್ಲಿನ ಕೋಟೆ ಮತ್ತು ಚಂದ್ರವಳ್ಳಿ

ಏಳು ಸುತ್ತಿನ ಕೋಟೆಯೆಂದು ಪ್ರಸಿದ್ಧವಾದ ಚಿತ್ರದುರ್ಗದ ಕೋಟೆಯು ಪಾಳೆಯಗಾರರ ರಾಜಧಾನಿಯಾಗಿತ್ತು. 1779ರಲ್ಲಿ ಇದು ಮದಕರಿನಾಯಕನಿಂದ ಹೈದರಾಲಿಯ ವಶವಾಯಿತು. ಕೋಟೆಯನ್ನು ನೋಡುವವರು ಅದರ ನೀರಿನ ವ್ಯವಸ್ಥೆಯನ್ನು ವಿಶೇಷವಾಗಿ ಗಮನಿಸಬಹುದು. ಮಳೆಯ ನೀರು ಮೇಲಿನ ಗೋಪಾಲಸ್ವಾಮಿ ಹೊಂಡದಲ್ಲಿ ತುಂಬಿ, ಹೆಚ್ಚಾದದ್ದು ಅಕ್ಕ-ತಂಗಿ ಹೊಂಡಕ್ಕೂ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ ಹಾಗೂ ಸಂತೆ ಹೊಂಡಕ್ಕೂ ಹರಿಯುವಂತೆ ಹಿಂದಿನವರು ರೂಪಿಸಿದ್ದರು.

ಒನಕೆ ಓಬವ್ವನ ಕಿಂಡಿಯ ಕಥೆಯೂ ಒಂದು ದಂಪತಿಯ ಕಥೆಯೇ ಆಗಿದೆ. ಕಾವಲುಗಾರನಾಗಿದ್ದ ಕಹಳೆ ಮುದ್ದಹನುಮ ಊಟಕ್ಕೆಂದು ಮನೆಗೆ ಬಂದಿದ್ದ ವೇಳೆಯಲ್ಲಿ ನೀರು ತರಲು ಹೋದ ಪತ್ನಿ ಓಬವ್ವ, ಕಿಂಡಿಯಿಂದ ನುಸುಳುತ್ತಿದ್ದ ಶತ್ರು ಸೈನಿಕರನ್ನು ಒನಕೆಯಿಂದ ಹೊಡೆದುರುಳಿಸಿದಳೆಂದು ಜನಶ್ರುತಿ ಹೇಳುತ್ತದೆ. ಪತಿಯ ಊಟಕ್ಕೆ ಅಡ್ಡಿಪಡಿಸದೆ ತಾನೇ ಕಾವಲು ನಿಂತ ಆಕೆಯ ನೆನಪಿಗಾಗಿ ರಾಜ್ಯ ಸರ್ಕಾರವು 2021ರಿಂದ ನವೆಂಬರ್ 11ರಂದು ಒನಕೆ ಓಬವ್ವ ಜಯಂತಿಯನ್ನು ಆಚರಿಸುತ್ತಿದೆ.

ಕೋಟೆಯ ಪ್ರವೇಶಕ್ಕೆ ಪ್ರತಿಯೊಬ್ಬರೂ ಟಿಕೆಟ್ ಪಡೆಯತಕ್ಕದ್ದು. 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿರುವುದಿಲ್ಲ. ಗಮನಿಸಬೇಕಾದ ಅಂಶಗಳು ಹೀಗಿವೆ:

ಅ) ಸವೆದ ಬಂಡೆಗಳು ನುಣುಪಾಗಿರುವುದರಿಂದ ಹಿಡಿತವುಳ್ಳ ಪಾದರಕ್ಷೆಯನ್ನು ಧರಿಸುವುದು.
ಆ) ಕುಡಿಯುವ ನೀರನ್ನು ಕೆಳಗಿನಿಂದಲೇ ಒಯ್ಯುವುದು. ಮಂಗಗಳಿರುವುದರಿಂದ ತಿನಿಸುಗಳನ್ನು ಕೈಯಲ್ಲಿ ಹಿಡಿದು ನಡೆಯದಿರುವುದು.
ಇ) ಹೆಜ್ಜೇನು ಕಂಡ ಕಡೆ ಹೊಗೆ ಎಬ್ಬಿಸದಿರುವುದು, ಕಲ್ಲೆಸೆಯದಿರುವುದು.
ಈ) ಕಲ್ಲುಗಳ ಮೇಲೆ ಹೆಸರು ಬರೆಯದಿರುವುದು, ಕೆತ್ತದಿರುವುದು.

ಕೊನೆಯ ಅಂಶವನ್ನು ದಂಪತಿಗಳೂ ಯುವಜನರೂ ವಿಶೇಷವಾಗಿ ಗಮನಿಸಬೇಕು. ತಮ್ಮಿಬ್ಬರ ಹೆಸರು ಶಾಶ್ವತವಾಗಿರಲೆಂದು ಶತಮಾನಗಳ ಗೋಡೆಯ ಮೇಲೆ ಕೆತ್ತುವವರು, ಆ ಗೋಡೆಯ ಆಯುಷ್ಯವನ್ನೇ ಕಡಿಮೆ ಮಾಡುತ್ತಾರೆ. ಪ್ರಾಚೀನ ಸ್ಮಾರಕಗಳ ಕುರಿತ 1958ರ ಅಧಿನಿಯಮಕ್ಕೆ 2010ರಲ್ಲಿ ಮಾಡಲಾದ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2 ವರ್ಷಗಳವರೆಗೆ ಕಾರಾವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಕೋಟೆಯನ್ನು ಹತ್ತಲಾಗದವರಿಗೆ ನಗರದ ಅಂಚಿನಲ್ಲಿ ಗುಡ್ಡಗಳ ನಡುವೆ ಇರುವ ಚಂದ್ರವಳ್ಳಿಯು ಉತ್ತಮ ಆಯ್ಕೆಯಾಗಿದೆ. ಕದಂಬ ಮಯೂರಶರ್ಮನ ಶಾಸನ ದೊರೆತಿರುವ ಈ ಕಣಿವೆಯಲ್ಲಿ 1929ರ ಸುಮಾರಿಗೆ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದ್ದರು. ಕೆರೆಯ ದಂಡೆಯ ನಡಿಗೆಗೆ ಹೆಚ್ಚಿನ ಶ್ರಮವಿಲ್ಲ. ಅಂಕಲಿ ಮಠದ ಗವಿಗಳೊಳಗೆ ಕತ್ತಲಿರುವುದರಿಂದ ದಾರಿ ಬಲ್ಲವರ ಜೊತೆಯಲ್ಲಿ, ಟಾರ್ಚ್ ಸಹಿತ ಹೋಗುವುದು ಕ್ಷೇಮ.

2. ಜೋಗಿಮಟ್ಟಿ: ಪೂರ್ವಾನುಮತಿ ಏಕೆ?

ಚಿತ್ರದುರ್ಗದ ಸಮೀಪದಲ್ಲಿರುವ ಜೋಗಿಮಟ್ಟಿಯು ತಂಪು ಗಾಳಿಗೆ ಹೆಸರಾಗಿದ್ದು, ಸುತ್ತಲಿನ ಗುಡ್ಡಗಳ ಮೇಲೆ ಪವನಯಂತ್ರಗಳು ಕಾಣಸಿಗುತ್ತವೆ. ಈ ಅರಣ್ಯವನ್ನು 2015ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಗಿದೆ. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ 1972ರ 27ನೇ ಪ್ರಕರಣವು ವನ್ಯಜೀವಿಧಾಮದೊಳಗಿನ ಪ್ರವೇಶವನ್ನು ನಿರ್ಬಂಧಿಸುತ್ತದೆ. 28ನೇ ಪ್ರಕರಣದನ್ವಯ ಪ್ರವಾಸ, ಛಾಯಾಗ್ರಹಣ, ಅಧ್ಯಯನ ಮೊದಲಾದ ಉದ್ದೇಶಗಳಿಗೆ ಪರವಾನಗಿ ನೀಡಲು ಅವಕಾಶವಿದೆ. ಹೀಗಾಗಿ ಇಲ್ಲಿಗೆ ಹೋಗಬಯಸುವವರು ಚಿತ್ರದುರ್ಗದ ಅರಣ್ಯ ಇಲಾಖೆಯ ಕಚೇರಿಯನ್ನು ಮುಂಚಿತವಾಗಿ ಸಂಪರ್ಕಿಸತಕ್ಕದ್ದು.

ಅರ್ಜಿಯಲ್ಲಿ ಇಬ್ಬರ ಹೆಸರು ಮತ್ತು ವಿಳಾಸ, ಭೇಟಿಯ ದಿನಾಂಕ, ಹೋಗುವ ಹಾಗೂ ಹಿಂದಿರುಗುವ ವೇಳೆ, ವಾಹನದ ಸಂಖ್ಯೆ ಮತ್ತು ದೂರವಾಣಿ ಸಂಖ್ಯೆಯನ್ನು ನಮೂದಿಸಿ, ಗುರುತಿನ ಚೀಟಿಯ ಪ್ರತಿಯನ್ನು ಲಗತ್ತಿಸುವುದು ಒಳ್ಳೆಯದು. ಶನಿವಾರ ಬೆಳಿಗ್ಗೆ ಗೇಟಿನ ಬಳಿ ಕೇಳುವುದಕ್ಕಿಂತ, ವಾರದ ಕೆಲಸದ ದಿನಗಳಲ್ಲಿ ಕಚೇರಿಯಲ್ಲಿ ವಿಚಾರಿಸಿದರೆ ಪ್ರಯಾಣ ವ್ಯರ್ಥವಾಗುವುದಿಲ್ಲ.

ಅನುಮತಿಯೆಂಬುದು ಕೇವಲ ಕಾಗದದ ವ್ಯವಹಾರವಲ್ಲ. ಈ ಗುಡ್ಡಗಳಲ್ಲಿ ಕರಡಿ ಮತ್ತು ಚಿರತೆಗಳಿವೆ. ಇಬ್ಬರೇ ಹೋದಾಗ ಒಬ್ಬರ ಕಾಲು ಉಳುಕಿದರೆ ಇನ್ನೊಬ್ಬರು ಅವರನ್ನು ಬಿಟ್ಟು ನೆರವಿಗಾಗಿ ಓಡಬೇಕಾಗುತ್ತದೆ. ಯಾರು ಒಳಗೆ ಹೋಗಿದ್ದಾರೆ, ಎಷ್ಟು ಗಂಟೆಗೆ ಹೊರಬರಬೇಕಿತ್ತು ಎಂಬುದು ಸಿಬ್ಬಂದಿಗೆ ತಿಳಿದಿದ್ದರೆ ಮಾತ್ರ ಅವರನ್ನು ಹುಡುಕಲು ಸಾಧ್ಯ. ಆದುದರಿಂದ ಹೊರಬಂದ ಮೇಲೆ ಗೇಟಿನಲ್ಲಿ ತಿಳಿಸಿ ತೆರಳುವುದನ್ನು ಮರೆಯಬಾರದು.

3. ಹೊಳಲ್ಕೆರೆ: ಗಣಪತಿ ಮತ್ತು ರಾಮಗಿರಿ

ಹೊಳಲ್ಕೆರೆಯ ಸುಮಾರು 20 ಅಡಿ ಎತ್ತರದ ಗಣಪತಿಯ ಮೂರ್ತಿಯು 15ನೇ ಶತಮಾನದ್ದಾಗಿದೆ. ಇದೇ ತಾಲ್ಲೂಕಿನ ರಾಮಗಿರಿಯ ಬೆಟ್ಟದ ಮೇಲೆ ಕರಿಸಿದ್ಧೇಶ್ವರ ಸ್ವಾಮಿಯ ದೇವಾಲಯವಿದೆ. ಬೆಟ್ಟದ ನಡಿಗೆಯನ್ನು ಹೊಸದಾಗಿ ಆರಂಭಿಸುವವರು ಕೋಟೆ ಅಥವಾ ಕಾಡಿಗಿಂತ ಮೊದಲು ಇಂತಹ ಭಕ್ತರ ಓಡಾಟವಿರುವ ಬೆಟ್ಟವನ್ನು ಆರಿಸಿಕೊಳ್ಳಬಹುದು. ರೈಲಿನಲ್ಲಿ ಬರುವವರಿಗೆ ಇದೇ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ ಅನುಕೂಲಕರವಾಗಿದ್ದು, ಚಿತ್ರದುರ್ಗದ ಕಡೆಗಿನ ಮಾರ್ಗವು ಇಲ್ಲಿಂದ ಕವಲೊಡೆಯುತ್ತದೆ.

4. ಹಿರಿಯೂರು: ವಾಣಿ ವಿಲಾಸ ಸಾಗರ

ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಲಾದ ಈ ಅಣೆಕಟ್ಟೆಯು 1907ರಲ್ಲಿ ಪೂರ್ಣಗೊಂಡಿತು. ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರ ಹೆಸರನ್ನು ಜಲಾಶಯಕ್ಕೆ ಇಡಲಾಗಿದೆ. 1933ರಲ್ಲಿ ಕೋಡಿ ಬಿದ್ದಿದ್ದ ಈ ಜಲಾಶಯವು ಮತ್ತೆ ಕೋಡಿ ಬಿದ್ದುದು 89 ವರ್ಷಗಳ ನಂತರ, 2022ರ ಸೆಪ್ಟೆಂಬರ್‌ನಲ್ಲಿ. ಅಂದು ಆ ದೃಶ್ಯವನ್ನು ನೋಡಲು ಬಂದ ಹಿರಿಯರಲ್ಲಿ ಬಹುತೇಕರಿಗೆ ಅದು ಜೀವಮಾನದಲ್ಲಿಯೇ ಮೊದಲನೆಯದಾಗಿತ್ತು.

ನೀರು ಶಾಂತವಾಗಿ ಕಂಡರೂ ಆಳವಾಗಿದೆ. ಈಜುವುದು, ನೀರಿಗಿಳಿದು ಛಾಯಾಚಿತ್ರ ತೆಗೆಯುವುದು, ನಿಷೇಧಿತ ಭಾಗಕ್ಕೆ ಪ್ರವೇಶಿಸುವುದು ಕೂಡದು. ಹಿರಿಯೂರು ಪಟ್ಟಣದ ತೇರುಮಲ್ಲೇಶ್ವರ ಸ್ವಾಮಿಯ ರಥೋತ್ಸವವು ಮಾಘಮಾಸದಲ್ಲಿ ಜರುಗುತ್ತದೆ. ಆ ದಿನಗಳಲ್ಲಿ ಬೆಳಿಗ್ಗೆ ಜಲಾಶಯವನ್ನು ನೋಡಿ, ಅನಂತರ ಜಾತ್ರೆಯ ವಾದ್ಯಮೇಳವನ್ನು ಕೇಳಿ ಹಿಂದಿರುಗಬಹುದು.

5. ಹೊಸದುರ್ಗ: ಬೆಟ್ಟದ ಕೋಟೆ ಮತ್ತು ಸಾಣೇಹಳ್ಳಿಯ ರಂಗಭೂಮಿ

ಹೊಸದುರ್ಗ ಪಟ್ಟಣದ ಪಕ್ಕದ ಬೆಟ್ಟದ ಮೇಲೆ ಚಿತ್ರದುರ್ಗದ ಪಾಳೆಯಗಾರರ ಕಾಲದ ಕೋಟೆಯಿದೆ. ತಾಲ್ಲೂಕಿನ ಸಾಣೇಹಳ್ಳಿಯು ಇಂದು ನಾಡಿನ ರಂಗಾಸಕ್ತರಿಗೆಲ್ಲ ಪರಿಚಿತವಾದ ಗ್ರಾಮ. ಇಲ್ಲಿನ ಶ್ರೀ ಶಿವಕುಮಾರ ಕಲಾಸಂಘದ ಶಿವಸಂಚಾರ ತಿರುಗಾಟ ತಂಡವು 1997ರಿಂದ ಊರೂರುಗಳಲ್ಲಿ ನಾಟಕಗಳನ್ನು ಪ್ರದರ್ಶಿಸುತ್ತಾ ಬಂದಿದೆ. ಸಾಮಾನ್ಯವಾಗಿ ನವೆಂಬರ್ ತಿಂಗಳ ಆರಂಭದಲ್ಲಿ ನಡೆಯುವ ನಾಟಕೋತ್ಸವದಲ್ಲಿ ನಾಟಕದ ಜೊತೆಗೆ ವಚನ ಗಾಯನವನ್ನೂ ಕೇಳಬಹುದು. ಪ್ರದರ್ಶನಗಳು ರಾತ್ರಿಯವರೆಗೆ ನಡೆಯುವುದರಿಂದ ಬೆಚ್ಚನೆಯ ಹೊದಿಕೆಯನ್ನು ಒಯ್ಯುವುದು ಮತ್ತು ಹಿಂದಿರುಗುವ ವಾಹನವನ್ನು ಮೊದಲೇ ಗೊತ್ತುಪಡಿಸಿಕೊಳ್ಳುವುದು ಅವಶ್ಯ.

ಚಿತ್ರದುರ್ಗ ನಗರದಲ್ಲಿಯೂ ಕಾದಂಬರಿಕಾರ ತ.ರಾ.ಸು. ಅವರ ಹೆಸರಿನ ರಂಗಮಂದಿರವಿದೆ. ದುರ್ಗದ ಇತಿಹಾಸವನ್ನು ಕಾದಂಬರಿಗಳಾಗಿಸಿದ ಅವರು 'ಹಂಸಗೀತೆ'ಯಲ್ಲಿ ಇದೇ ನೆಲದ ಸಂಗೀತಗಾರನೊಬ್ಬನ ಬದುಕನ್ನು ಚಿತ್ರಿಸಿದ್ದಾರೆ. ಜಿ. ವಿ. ಅಯ್ಯರ್ ಅವರು ಅದನ್ನು ಆಧರಿಸಿ 1975ರಲ್ಲಿ ಚಲನಚಿತ್ರವನ್ನು ನಿರ್ದೇಶಿಸಿದರು. ಬೆಳಿಗ್ಗೆ ಕೋಟೆ ಹತ್ತಿ, ಸಂಜೆ ರಂಗಮಂದಿರದಲ್ಲಿ ಹಾಡು ಕೇಳುವವರಿಗೆ ಈ ಕಾದಂಬರಿಯು ತಕ್ಕ ಓದು. ಕಾರ್ಯಕ್ರಮಗಳ ದಿನಾಂಕವನ್ನು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬಹುದು.

ಸಾರ್ವಜನಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಕೋಟೆಯ ಪ್ರವೇಶಕ್ಕೆ ವಿವಾಹ ಪ್ರಮಾಣಪತ್ರ ಬೇಕೆ?
ಉತ್ತರ: ಇಲ್ಲ. ಟಿಕೆಟ್ ಸಾಕು. ಆದರೆ ವಸತಿಗೃಹದಲ್ಲಿ ತಂಗುವುದಾದರೆ ಇಬ್ಬರೂ ತಮ್ಮ ತಮ್ಮ ಗುರುತಿನ ಚೀಟಿಯನ್ನು ಇಟ್ಟುಕೊಂಡಿರತಕ್ಕದ್ದು.

ಪ್ರಶ್ನೆ: ಬಸ್ಸಿನಲ್ಲಿ ಇಬ್ಬರಿಗೂ ಉಚಿತ ಪ್ರಯಾಣವಿದೆಯೆ?
ಉತ್ತರ: ಶಕ್ತಿ ಯೋಜನೆಯು 2023ರ ಜೂನ್ 11ರಂದು ಜಾರಿಗೆ ಬಂದಿದ್ದು, ರಾಜ್ಯದ ನಿವಾಸಿಗಳಾದ ಮಹಿಳೆಯರಿಗೆ ಅನ್ವಯಿಸುತ್ತದೆ. ಸಾಮಾನ್ಯ ಮತ್ತು ವೇಗದೂತ ಸಾರಿಗೆಗಳಲ್ಲಿ ಪತ್ನಿಯು ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯಬಹುದು. ಪತಿಯು ಟಿಕೆಟ್ ದರವನ್ನು ಪಾವತಿಸಬೇಕು. ಐಷಾರಾಮಿ ಬಸ್ಸುಗಳಿಗೆ ಯೋಜನೆ ಅನ್ವಯಿಸುವುದಿಲ್ಲ.

ಪ್ರಶ್ನೆ: ಬೆಟ್ಟದ ಮೇಲೆ ಧ್ವನಿವರ್ಧಕದಲ್ಲಿ ಹಾಡು ಹಾಕಬಹುದೆ?
ಉತ್ತರ: ಕಾಡಿನಲ್ಲಿ ಗದ್ದಲ ಮಾಡುವುದು ವನ್ಯಜೀವಿಗಳಿಗೆ ತೊಂದರೆ. ಇತರೆಡೆ ಸಾರ್ವಜನಿಕ ಧ್ವನಿವರ್ಧಕ ಬಳಕೆಗೆ ಶಬ್ದ ಮಾಲಿನ್ಯ ನಿಯಮಗಳು 2000ರಂತೆ ಲಿಖಿತ ಅನುಮತಿ ಅಗತ್ಯ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಳಕೆಗೆ ನಿರ್ಬಂಧವಿದೆ.

ಪ್ರಶ್ನೆ: ಅರಣ್ಯ ಪ್ರವೇಶದ ಅನುಮತಿ ಸಕಾಲದಲ್ಲಿ ದೊರೆಯದಿದ್ದರೆ?
ಉತ್ತರ: ಅನುಮತಿಯಿಲ್ಲದೆ ಪ್ರವೇಶಿಸಬಾರದು. ಅಂದು ಕೋಟೆ, ಚಂದ್ರವಳ್ಳಿ ಅಥವಾ ರಾಮಗಿರಿಯನ್ನು ಆರಿಸಿಕೊಂಡು, ಜೋಗಿಮಟ್ಟಿಯನ್ನು ಮತ್ತೊಂದು ವಾರಕ್ಕೆ ಇಟ್ಟುಕೊಳ್ಳಬಹುದು.

ತುರ್ತು ದೂರವಾಣಿ ಸಂಖ್ಯೆಗಳು

ಪೊಲೀಸ್ ಹಾಗೂ ಇತರ ತುರ್ತು ನೆರವು: 112
ಆಂಬುಲೆನ್ಸ್: 108
ಅರಣ್ಯ ಸಹಾಯವಾಣಿ: 1926
ಮಹಿಳಾ ಸಹಾಯವಾಣಿ: 181

ಗುಡ್ಡಗಳ ಮರೆಯಲ್ಲಿ ಮೊಬೈಲ್ ಸಂಪರ್ಕ ಎಲ್ಲ ಕಡೆಯೂ ದೊರೆಯದಿರಬಹುದು. ಆದ್ದರಿಂದ ಹೊರಡುವ ಮುನ್ನ ತಾವು ಹೋಗುವ ಸ್ಥಳವನ್ನೂ ಹಿಂದಿರುಗುವ ವೇಳೆಯನ್ನೂ ಮನೆಯವರಿಗೆ ಅಥವಾ ನೆರೆಯವರಿಗೆ ತಿಳಿಸಿ ಹೋಗುವುದು. ಒಯ್ದ ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ಅಲ್ಲಿಯೇ ಬಿಡದೆ ಹಿಂದಕ್ಕೆ ತರುವುದು. ಬೆಳಕಿರುವಾಗಲೇ ಬೆಟ್ಟ ಇಳಿದು, ಸಂಜೆಯ ಸಂಗೀತವನ್ನು ಆಲಿಸಿ, ಇಬ್ಬರೂ ಕ್ಷೇಮವಾಗಿ ಮನೆ ಸೇರುವಂತೆ ಪ್ರಯಾಣವನ್ನು ಯೋಜಿಸಿಕೊಳ್ಳಲು ಸಾರ್ವಜನಿಕರಲ್ಲಿ ಕೋರಲಾಗಿದೆ.