ಸಿಸ್ಟರ್‌ಗೂ ಒಂದು ಮನೆ ಇದೆ

ರುದ್ರಪಟ್ಟಣದ ಕಡೆ ಯಾರಿಗಾದರೂ ಜೋರಾಗಿ ಕಾಯಿಲೆ ಬಿತ್ತೆಂದರೆ ಮೊದಲು ಅರಕಲಗೂಡು, ಅಲ್ಲಿ ಆಗದಿದ್ದರೆ ಹಾಸನದ ದೊಡ್ಡಾಸ್ಪತ್ರೆ. ಹೊಳೆನರಸೀಪುರ, ಚನ್ನರಾಯಪಟ್ಟಣದವರೂ ಕೊನೆಗೆ ಬರೋದು ಅಲ್ಲಿಗೇ. ಡಾಕ್ಟರು ರೌಂಡ್ಸ್ ಮುಗಿಸಿ ಹೊರಟ ಮೇಲೆ ಹಗಲೂ ರಾತ್ರಿ ನಾವು ಕೂಗೋದು ‘ಸಿಸ್ಟರ್, ಸಿಸ್ಟರ್’ ಅಂತ.

ಆಕೆ ಒಮ್ಮೆ ಸಿಡುಕಿದರೆ ಸಾಕು, ‘ಎಷ್ಟು ಕೊಬ್ಬು ನೋಡ್ರೀ’ ಎನ್ನುತ್ತೇವೆ. ಆಕೆಯ ಪಾಲಿಗೆ ಎಷ್ಟು ಹಾಸಿಗೆಗಳಿವೆ ಎಂದು ಎಣಿಸಿದ್ದೀರಾ? ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ, ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು, ಬೇರೆ ಆಸ್ಪತ್ರೆಗಳಲ್ಲಿ 5 ಮಂದಿಗೆ ಒಬ್ಬರು. ಸರ್ಕಾರಿ ವಾರ್ಡಿನಲ್ಲಿ ಒಂದು ರಾತ್ರಿ ಕಳೆದವರು ಇದನ್ನು ಕೇಳಿ ನಕ್ಕಾರು!

ನರ್ಸ್‌ಗಳನ್ನು ಮಾತಾಡಿಸಿ ನೋಡಿ, ಕೆಲಸವೇ ಬೇಡ ಅನ್ನುವವರು ಕಡಿಮೆ. ಬಾಣಂತಿಯ ಪಕ್ಕ ಎರಡು ನಿಮಿಷ ನಿಲ್ಲಲು ಪುರುಸೊತ್ತಿಲ್ಲವಲ್ಲ, ಅದು ಅವರ ಬೇಸರ. ಸಂಬಳದ ಮಾತಂತೂ ಬೇರೆ. ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2016ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಮ್ಮಿ ಕೊಡಬಾರದು ಎಂದಿತು. ಆದರೆ ಅದು ಶಿಫಾರಸು. ಜಾರಿ ಮಾಡುವುದು ರಾಜ್ಯಗಳಿಗೆ ಬಿಟ್ಟದ್ದು.

ಇದೆಲ್ಲ ನಮ್ಮ ಕೈಯಲ್ಲಿಲ್ಲ, ನಿಜ. ನಮ್ಮ ಕೈಯಲ್ಲಿರೋದೂ ಸ್ವಲ್ಪ ಇದೆ. ರೋಗಿಯನ್ನು ನೋಡಲು ಆರೇಳು ಜನ ನುಗ್ಗಬೇಡಿ. ಮಾತ್ರೆ, ಡ್ರಿಪ್ ವಿಷಯಕ್ಕೆ ಮನೆಯವರಲ್ಲಿ ಒಬ್ಬರೇ ಕೇಳಿ. ಡಿಸ್ಚಾರ್ಜ್ ದಿನ ಡಾಕ್ಟರಿಗೆ ಕೈಮುಗಿಯುವ ಹಾಗೆ ಆಕೆಗೂ ಒಂದು ಮಾತು ಹೇಳಿ. ಚೆನ್ನಾಗಿ ನೋಡಿಕೊಂಡಿದ್ದರೆ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ನಾಲ್ಕು ಸಾಲು ಬರೆದುಕೊಟ್ಟರೆ ಇನ್ನೂ ಒಳ್ಳೇದು. ದೂರು ಬರೆಯೋರು ಬೇಕಾದಷ್ಟು ಜನ ಇದ್ದಾರೆ.

ಇನ್ನು, ನಿಮ್ಮ ಮನೆಯ ಸೊಸೆಯೋ ನಾದಿನಿಯೋ ನರ್ಸ್ ಆಗಿದ್ದರೆ? ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದವಳಿಗೆ ತಿಂಡಿ ಪಾತ್ರೆ, ಮಕ್ಕಳ ಯೂನಿಫಾರಂ, ‘ಹಗಲೆಲ್ಲ ಮಲಗ್ತಾಳೆ’ ಅನ್ನೋ ಕೊಂಕು. ನನ್ನ ಕೇಳಿದರೆ ವಾರ್ಡಿಗಿಂತ ಇದೇ ಹೆಚ್ಚು ಸುಸ್ತು ಮಾಡೋದು. ನೈಟ್ ಡ್ಯೂಟಿಯ ವಾರ ಬೆಳಗಿನ ಅಡುಗೆ ಬೇರೆಯವರು ವಹಿಸಿಕೊಳ್ಳಲಿ, ಗಂಡಸರೂ ಸೇರಿ. ಅವಳ ಕೋಣೆಗೆ ದಪ್ಪನೆಯ ಪರದೆ ಹಾಕಿ, ಮೊಬೈಲ್ ಸೈಲೆಂಟ್‌ಗೆ ಇಡಿಸಿ. ಮಧ್ಯಾಹ್ನದವರೆಗೆ ಯಾರೂ ಬಾಗಿಲು ತಟ್ಟಬೇಡಿ. ಡ್ಯೂಟಿ ಚಾರ್ಟ್ ಫ್ರಿಜ್ ಮೇಲೆ ಅಂಟಿಸಿಟ್ಟರೆ ಅತ್ತೆಯವರೂ ಸತ್ಯನಾರಾಯಣ ಪೂಜೆಗೆ ಅವಳ ರಜೆ ನೋಡಿಯೇ ದಿನ ಇಡಬಹುದು.