ದೊಡ್ಡಕ್ಷರದ ದರ ನಂಬಿ ಅಪ್ಪ ಟೆಂಡರ್ ಬೇಡ ಅಂದ್ರು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ನಾನೇ ಮಾಡಿದ ಒಂದು ತಪ್ಪಿನ ಕತೆ ಹೇಳ್ತೀನಿ. ಕೋಡ್‌ನಲ್ಲಿ ತಪ್ಪಿರಲಿಲ್ಲ, ಅಂಕಿಗಳೂ ಸರಿಯಾಗಿದ್ವು. ಆದ್ರೂ ನಮ್ಮಪ್ಪನಿಗೆ ಮೂರೂವರೆ ಸಾವಿರ ರೂಪಾಯಿ ನಷ್ಟ ಆಯ್ತು.

ನಾನು ಬೆಂಗಳೂರಲ್ಲಿ ಪ್ರೋಗ್ರಾಮರ್. ಊರು ತುರುವೇಕೆರೆ ತಾಲ್ಲೂಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ತೆಂಗೇ ಬದುಕು. ಕಾಯಿ ಕೆಡವಿ, ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ಒಂದು ವರ್ಷ ಕಾದು, ಸುಲಿಸಿ ಒಡೆಸಿದ್ರೆ ಉಂಡೆ ಕೊಬ್ಬರಿ ಸಿಗುತ್ತೆ. ಅದು ಹೋಗೋದು ತಿಪಟೂರು ಎಪಿಎಂಸಿಗೆ. ವರ್ಷದ ದುಡಿಮೆಗೆ ಬೆಲೆ ತೀರ್ಮಾನ ಆಗೋದು ಒಂದೇ ದಿನದಲ್ಲಿ. ಹಾಗಾಗಿ ಟೆಂಡರ್ ದಿನ ಎಲ್ಲರದ್ದೂ ಒಂದೇ ಪ್ರಶ್ನೆ: "ಕೊಬ್ಬರಿ ಎಷ್ಟಾಯ್ತು?"

ಟೆಂಡರ್ ಹೇಗೆ ನಡೆಯುತ್ತೆ ಅಂತ ಮೊದಲು ನೋಡೋಣ. ಕರ್ನಾಟಕದಲ್ಲಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾಯ್ತು. ಈ ಆನ್‌ಲೈನ್ ವ್ಯವಸ್ಥೆಯಲ್ಲಿ ರೈತರ ಮಾಲಿಗೆ ಒಂದು ಲಾಟ್ ನಂಬರ್ ಕೊಡ್ತಾರೆ. ವರ್ತಕರು ಮಾಲು ನೋಡಿ ಕಂಪ್ಯೂಟರ್‌ನಲ್ಲಿ ದರ ಹಾಕ್ತಾರೆ. ಒಂದೊಂದು ಲಾಟ್‌ಗೂ ಯಾರದ್ದು ಹೆಚ್ಚೋ ಅವರಿಗೆ ಮಾಲು. ದರ ಹಿಡಿಸದಿದ್ರೆ ರೈತ ಬೇಡ ಅನ್ನಬಹುದು. ಕೊನೆಗೆ ಮಾರುಕಟ್ಟೆ ವರದಿಯಲ್ಲಿ ಮೂರು ಅಂಕಿ ಬರುತ್ತೆ: ಕನಿಷ್ಠ, ಗರಿಷ್ಠ, ಮಾದರಿ. ಮಾದರಿ ದರ ಅಂದ್ರೆ ಆವತ್ತು ಹೆಚ್ಚಿನ ಮಾಲು ಮಾರಾಟವಾದ ದರ. ಗರಿಷ್ಠ ದರ ಒಂದೇ ಒಂದು ಒಳ್ಳೆ ಲಾಟ್‌ಗೆ ಸಿಕ್ಕಿದ್ದೂ ಆಗಿರಬಹುದು.

ಈ ಮೂರು ಅಂಕಿ ತೋರಿಸೋಕೆ ನಾನೊಂದು ಪುಟ್ಟ ವೆಬ್ ಪುಟ ಮಾಡಿದೆ. ಮಾರ್ಕೆಟಿಂಗ್‌ನಲ್ಲಿರೋ ಗೆಳೆಯನಿಗೆ ತೋರಿಸಿದೆ. "ಗರಿಷ್ಠ ದರನೇ ದೊಡ್ಡದಾಗಿ ಹಾಕು ಮಗಾ. ಜನ ಶೇರ್ ಮಾಡೋದು ಅದನ್ನೇ" ಅಂದ. ಹಾಕಿದೆ. ದಪ್ಪಕ್ಷರ, ಹಸಿರು ಬಣ್ಣ. ಉಳಿದೆರಡು ಅಂಕಿ ಕೆಳಗೆ, ತಿಳಿ ಬೂದು ಬಣ್ಣದಲ್ಲಿ, ಸಣ್ಣಕ್ಕೆ. ಗೆಳೆಯ ಹೇಳಿದ್ದು ನಿಜವಾಯ್ತು, ಶೇರ್ ಜಾಸ್ತಿಯಾದ್ವು. ನನಗೂ ಖುಷಿ.

ಅಪ್ಪ ಆ ಹಸಿರು ಅಂಕಿ ನೋಡ್ಕೊಂಡು ಮುಂದಿನ ಟೆಂಡರ್‌ಗೆ ಐದು ಕ್ವಿಂಟಲ್ ಹಾಕಿದ್ರು. ಬಂದ ದರ ಅದಕ್ಕಿಂತ 800 ರೂಪಾಯಿ ಕಡಿಮೆ. ಮೋಸ ಆಗ್ತಿದೆ ಅನ್ಕೊಂಡು ಬೇಡ ಅಂದ್ರು. ಆಮೇಲೆ ಮಾರುಕಟ್ಟೆ ಇಳೀತು. ಬೇಡ ಅಂದ ದರಕ್ಕಿಂತಲೂ ಕ್ವಿಂಟಲ್‌ಗೆ 700 ಕಡಿಮೆಗೆ ಕೊಡಬೇಕಾಯ್ತು. ನನ್ನನ್ನ ಬೈಲಿಲ್ಲ. "ನಿನ್ನ ಮೊಬೈಲ್ನಾಗೆ ಅಷ್ಟಿತ್ತಲ್ಲೋ" ಅಂದ್ರು, ಅಷ್ಟೇ.

"ಮಾದರಿ ದರನೂ ಇತ್ತಲ್ಲಪ್ಪ, ಕೆಳಗಡೆ" ಅನ್ನೋಕೆ ಹೋದೆ. ಬಾಯಿ ಬರಲಿಲ್ಲ. ತೋಟದ ಬಿಸಿಲಲ್ಲಿ ನಿಂತು ಆ ಬೂದು ಅಕ್ಷರ ಓದೋಕೆ ನನಗೇ ಆಗಲ್ಲ.

'ಬಳಕೆದಾರರ ಅನುಭವ' ಅನ್ನೋ ಮಾತನ್ನ ಜನಪ್ರಿಯ ಮಾಡಿದವರು ಡಾನ್ ನಾರ್ಮನ್, 1990ರ ದಶಕದಲ್ಲಿ ಆ್ಯಪಲ್ ಕಂಪನಿಯಲ್ಲಿದ್ದಾಗ. ಬಳಸುವವರು ತಪ್ಪು ಮಾಡಿದ್ರೆ ಮೊದಲು ವಿನ್ಯಾಸದಲ್ಲಿ ದೋಷ ಹುಡುಕಬೇಕು ಅನ್ನೋದು ಅವರ ವಾದ. ಬೇಕಂತಲೇ ದಾರಿ ತಪ್ಪಿಸೋ ವಿನ್ಯಾಸಕ್ಕೆ ಹ್ಯಾರಿ ಬ್ರಿಗ್ನಲ್ 2010ರಲ್ಲಿ 'ಡಾರ್ಕ್ ಪ್ಯಾಟರ್ನ್' ಅಂತ ಹೆಸರಿಟ್ರು. ನಮ್ಮ ಕೇಂದ್ರ ಸರ್ಕಾರವೂ 2023ರ ನವೆಂಬರ್‌ನಲ್ಲಿ ಇಂಥ 13 ಬಗೆಗಳನ್ನ ಪಟ್ಟಿ ಮಾಡಿ ಮಾರ್ಗಸೂಚಿ ತಂತು. ನಾನು ಬೇಕಂತ ಮಾಡಿದ್ದಲ್ಲ, ನಿಜ. ಆದ್ರೆ ಅಪ್ಪನ ಜೇಬಿಗೆ ಅದರಿಂದ ಏನೂ ವ್ಯತ್ಯಾಸ ಆಗಲಿಲ್ಲ.

ಆಮೇಲೆ ಪುಟದಲ್ಲಿ ನಾಲ್ಕು ಬದಲಾವಣೆ ಮಾಡಿದೆ.

ಒಂದು, ಮಾದರಿ ದರ ದೊಡ್ಡದಾಯ್ತು. ಅದರ ಕೆಳಗೆ ಒಂದು ಅಡ್ಡಗೆರೆ: ಎಡತುದಿ ಕನಿಷ್ಠ, ಬಲತುದಿ ಗರಿಷ್ಠ, ನಡುವೆ ಮಾದರಿ ದರಕ್ಕೊಂದು ಚುಕ್ಕೆ. ಚುಕ್ಕೆ ಬಲತುದಿಯಿಂದ ಎಷ್ಟು ದೂರ ಇದೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ.

ಎರಡು, ಬೂದು ಬಣ್ಣ ತೆಗೆದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಕಾಂಟ್ರಾಸ್ಟ್ ಇರಬೇಕು ಅನ್ನೋದು ವೆಬ್ ಮಾನದಂಡ. ಬಿಸಿಲಿಗೆ ಇನ್ನೂ ಹೆಚ್ಚಿದ್ರೆ ಒಳ್ಳೇದು.

ಮೂರು, ಸಾಲುಗಳ ಅಂತರ ಹೆಚ್ಚಿಸಿದೆ. ಇಂಗ್ಲಿಷ್‌ಗೆ ಇಟ್ಟ ಅಳತೆಯನ್ನೇ ಕನ್ನಡಕ್ಕೂ ಇಟ್ಟಿದ್ದೆ. 'ಗರಿಷ್ಠ', 'ಕನಿಷ್ಠ' ಎರಡರಲ್ಲೂ ಕೆಳಗಿನ ಒತ್ತಕ್ಷರ ಅರ್ಧ ಕತ್ತರಿಸಿ ಹೋಗಿತ್ತು. ಕನ್ನಡ ಅಕ್ಷರ ಕೆಳಕ್ಕೂ ಬೆಳೆಯುತ್ತೆ, ಅದಕ್ಕೆ ಜಾಗ ಬಿಡಬೇಕು.

ನಾಲ್ಕು, ಶೇರ್ ಮಾಡೋ ಚಿತ್ರದೊಳಗೇ ತಾರೀಖು ಮತ್ತು ಮಾರುಕಟ್ಟೆ ಹೆಸರು ಹಾಕಿದೆ. ವಾಟ್ಸ್‌ಆ್ಯಪ್‌ಗೆ ಹೋದ ಚಿತ್ರ ಪುಟದಿಂದ ಬೇರೆಯಾಗಿ ಓಡಾಡುತ್ತೆ. ಹೋದ ವಾರದ ದರ ಈ ವಾರದ ದರ ಅಂತ ಯಾರದ್ದೋ ಕೈಗೆ ಸಿಗುತ್ತೆ.

ಶೇರ್ ಕಡಿಮೆಯಾಗಿವೆ, ಸುಳ್ಳು ಹೇಳಲ್ಲ. ಗೆಳೆಯನಿಗೆ ಇನ್ನೂ ಬೇಜಾರಿದೆ. "ದೊಡ್ಡ ಅಂಕಿ ಇಲ್ದಿದ್ರೆ ಯಾರೂ ಬರಲ್ಲ ಕಣೋ" ಅಂತಾನೆ. ಅವನ ಮಾತಲ್ಲೂ ನಿಜ ಇದೆ, ಯಾರೂ ನೋಡದ ಪುಟದಿಂದ ಯಾರಿಗೂ ಉಪಯೋಗ ಇಲ್ಲ. ಆದ್ರೆ ಪುಟ ನೋಡಿ ಬೆಲೆ ತೀರ್ಮಾನ ಮಾಡೋರಿಗೆ ನಷ್ಟ ಆಗ್ತಿದ್ರೆ, ಶೇರ್ ಲೆಕ್ಕ ಇಟ್ಕೊಂಡು ಏನ್ ಮಾಡೋದು?

ನೀವೂ ಏನಾದ್ರೂ ಪೋಸ್ಟರ್, ಆ್ಯಪ್, ವೆಬ್ ಪುಟ ಮಾಡ್ತಿದ್ರೆ ಒಂದು ಕೆಲಸ ಮಾಡಿ. ಮನೆಯಲ್ಲಿ ಹಿರಿಯರ ಕೈಗೆ ಮೊಬೈಲ್ ಕೊಡಿ. "ಇದ್ರಲ್ಲಿ ಏನಿದೆ?" ಅಂತ ಒಂದೇ ಪ್ರಶ್ನೆ ಕೇಳಿ, ಆಮೇಲೆ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ಅವರು ಏನು ಓದ್ತಾರೋ ನಿಮ್ಮ ಪುಟ ಹೇಳ್ತಿರೋದು ಅದನ್ನೇ.

ಹೊಸ ಪುಟವನ್ನ ಅಪ್ಪನಿಗೆ ತೋರಿಸಿ ನಾನೂ ಹಾಗೇ ಕೂತೆ. ನೋಡಿ ಅಂದ್ರು: "ಹಂಗಾದ್ರೆ ಆವತ್ತು ಬಂದಿದ್ದು ಸರಿಯಾದ ದರನೇ."