ಕೂಡುವ ಜಾಗದ ಕೋಡ್

1999ರಲ್ಲಿ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಬಳಿ ಕೈತಪ್ಪಿದ್ದು ಅಳತೆಯ ಗೊಂದಲದಿಂದ: ನೆಲದ ಮೇಲಿನ ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ನ್ಯೂಟನ್ ಲೆಕ್ಕವೆಂದು ಓದಿಕೊಂಡಿತು. ತಪ್ಪು ಕೂತಿದ್ದು ಎರಡೂ ಕೂಡುವ ಜಾಗದಲ್ಲಿ. ಆ ಜಾಗದ ಕೋಡನ್ನು ಕೈಯಲ್ಲಿ ಬರೆಯಲೇಬಾರದು ಎನ್ನುವುದು ನನ್ನ ವಾದ. ನಾಸಾದ ಜೆಪಿಎಲ್ ರೂಪಿಸಿದ ಎಫ್ ಪ್ರೈಮ್ ಎಂಬ ಸಾಫ್ಟ್‌ವೇರ್ ವ್ಯವಸ್ಥೆಯಲ್ಲಿ ಎಂಜಿನಿಯರ್ ಮೊದಲು ಬರೆಯುವುದು ಮಾಡೆಲ್: ಈ ಪೋರ್ಟ್‌ಗೆ ಯಾವ ಬಗೆಯ ಡೇಟಾ ಬರಬೇಕು, ಎಲ್ಲಿಗೆ ಹೋಗಬೇಕು. ಜೋಡಣೆ ಹೊಂದದಿದ್ದರೆ ಅಲ್ಲೇ ತಡೆ. ಹೊಂದಿದರೆ ಸಿ ಪ್ಲಸ್ ಪ್ಲಸ್ ಕೋಡಿನ ಚೌಕಟ್ಟು ತಾನೇ ಸಿದ್ಧ. ಮಂಗಳನಲ್ಲಿ 72 ಸಲ ಹಾರಿದ ಇಂಜೆನ್ಯುಯಿಟಿ ಹೆಲಿಕಾಪ್ಟರ್ ಬಳಸಿದ್ದು ಇದನ್ನೇ.

ಮಾಡೆಲ್ಲೇ ಸಾಲದಿದ್ದರೆ? ನ್ಯಾಯವಾದ ಪ್ರಶ್ನೆ. ಇಂಜೆನ್ಯುಯಿಟಿಯ 2021ರ ಮೇ 22ರ ಹಾರಾಟದಲ್ಲಿ ದಾರಿ ತೋರುವ ಒಂದೇ ಒಂದು ಚಿತ್ರ ಕಳೆದುಹೋಗಿ, ಮುಂದಿನವೆಲ್ಲ ತಪ್ಪು ಸಮಯ ಹೊತ್ತು ಬಂದು, ಹೆಲಿಕಾಪ್ಟರ್ ತೂರಾಡಿತು. ಡೇಟಾದ ಬಗೆ ಸರಿಯಿದ್ದರೂ ಹೊತ್ತು ತಪ್ಪಿತ್ತು. ಜೋಡಣೆಯ ಬೇಸರದ ಕೆಲಸ ಯಂತ್ರಕ್ಕೆ ಹೋದರೆ, ಇಂಥದ್ದನ್ನು ಪರೀಕ್ಷೆಯಲ್ಲಿ ಹುಡುಕಲು ಎಂಜಿನಿಯರ್‌ಗೆ ಬಿಡುವು ಸಿಗುತ್ತದೆ.